ಆರಡಿ ದಾಟಿದವರಿಗೆ ಬೈಕು: ಆರಿಸುವುದು, ಮೈಗೆ ಹೊಂದಿಸಿಕೊಳ್ಳುವುದು

ಕಲಬುರಗಿಯಲ್ಲಿ ಎತ್ತರದ ಹುಡುಗನೊಬ್ಬ ಬೈಕ್ ತಗೋಬೇಕು ಅಂದರೆ ಮನೆಯವರು, ಓಣಿಯವರು, ಗೆಳೆಯರು ಎಲ್ಲರೂ ಹೇಳುವುದು ಒಂದೇ ಮಾತು. ‘ನಿನ್ನ ಹೈಟಿಗೆ ಬುಲೆಟ್ಟೇ ಛಂದ ಕಾಣ್ತದ ನೋಡು.’ ಕಾಣುವುದು ನಿಜ. ಆದರೆ ಹುಮನಾಬಾದ್ ದಾಟಿ ಬೀದರ್ ಮುಟ್ಟುವ ಹೊತ್ತಿಗೆ ಮೊಣಕಾಲು, ಸೊಂಟ, ಕುತ್ತಿಗೆ ಹೇಗಿರುತ್ತವೆ ಅನ್ನುವುದನ್ನು ಯಾರೂ ಕೇಳುವುದಿಲ್ಲ.

ನಾನು ಆರಡಿ ನಾಲ್ಕಿಂಚು ಇದ್ದೇನೆ. ನಮ್ಮ ಕಡೆ ನನ್ನಂಥವರು ಕಡಿಮೆ ಇಲ್ಲ. ಪೊಲೀಸ್ ಇಲಾಖೆಯಲ್ಲಿದ್ದಾರೆ, ಕಬಡ್ಡಿ ವಾಲಿಬಾಲ್ ಆಡುವವರಿದ್ದಾರೆ, ಊರಲ್ಲೇ ಇದ್ದು ತೊಗರಿ ಹೊಲ ನೋಡಿಕೊಳ್ಳುವವರಿದ್ದಾರೆ. ಎಷ್ಟೋ ಜನ ಸಣ್ಣ ಗಾಡಿಯ ಮೇಲೆ ಮೊಣಕಾಲು ಹೊರಗೆ ಚಾಚಿ, ಬೆನ್ನು ಬಾಗಿಸಿಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ನೋವು ಬಂದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಯಾಕೆಂದರೆ ಅಂಥ ನೋವು ಎಷ್ಟೋ ಸಲ ಗಾಡಿಯ ಅಳತೆಯಿಂದ ಬಂದಿರುತ್ತದೆ. ಅದನ್ನು ಸರಿಮಾಡಲು ಬರುತ್ತದೆ. ಬಹಳ ಸಲ ಹೊಸ ಗಾಡಿಯೂ ಬೇಕಾಗುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ. ಎತ್ತರದವರು ನೋಡಬೇಕಾದ ಮುಖ್ಯ ಅಳತೆ ಸೀಟಿನಿಂದ ಫುಟ್‌ರೆಸ್ಟ್‌ವರೆಗಿನ ಜಾಗ. ಕಂಪನಿಯವರು ಛಾಪಿಸುವುದು ನೆಲದಿಂದ ಸೀಟಿನವರೆಗಿನ ಎತ್ತರ. ಕುಳ್ಳಗಿರುವವರಿಗೆ ಅದು ಬೇಕು, ಕಾಲು ನೆಲಕ್ಕೆ ಮುಟ್ಟಬೇಕಲ್ಲ. ನಮ್ಮ ಕಾಲು ಹೇಗೂ ಮುಟ್ಟುತ್ತದೆ. ಓಡಿಸುವಾಗ ಆ ಕಾಲು ಎಷ್ಟು ಮಡಚುತ್ತದೆ ಅನ್ನುವುದು ನಮ್ಮ ಪ್ರಶ್ನೆ.

ಮೊದಲು ಮೈಯ ಅಳತೆ

ಚಪ್ಪಲಿ ಬಿಟ್ಟು ಗೋಡೆಗೆ ಬೆನ್ನು ಹಚ್ಚಿ ನಿಲ್ಲಿ. ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ಹಿಡಿದು, ಸೈಕಲ್ ಸೀಟಿನ ಮೇಲೆ ಕೂತಷ್ಟು ಒತ್ತಡ ಬರುವ ಹಾಗೆ ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲದವರೆಗೆ ಟೇಪ್ ಹಿಡಿಯಿರಿ. ಇದು ಒಳಗಾಲಿನ ಅಳತೆ. ಪ್ಯಾಂಟ್ ಹೊಲಿಸುವಾಗ ಟೇಲರ್ ತೆಗೆದುಕೊಳ್ಳುವ ಅಳತೆ ಇದಕ್ಕಿಂತ ಕಡಿಮೆ ಬರುತ್ತದೆ, ಅದನ್ನು ನಂಬಬೇಡಿ. ಆಮೇಲೆ ನೆಲದ ಮೇಲೆ ಗೋಡೆಗೆ ಒರಗಿ ಕೂತು, ನೆಲದಿಂದ ಭುಜದವರೆಗೂ ಅಳೆಯಿರಿ. ಎರಡನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಯಾಕೆ ಎರಡು ಅಂದರೆ, ಎತ್ತರದವರಲ್ಲಿ ಎರಡು ಥರ ಇದ್ದಾರೆ. ಕೆಲವರ ಎತ್ತರವೆಲ್ಲ ಕಾಲಿನಲ್ಲಿದೆ, ಕೆಲವರದು ಬೆನ್ನಿನಲ್ಲಿದೆ. ಆರಡಿ ಮೂರಿಂಚಿನ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿದರೂ ಒಳಗಾಲಿನಲ್ಲಿ ಎರಡು ಇಂಚು ಹೆಚ್ಚುಕಡಿಮೆ ಇರಬಹುದು. ಉದ್ದ ಕಾಲಿನವರಿಗೆ ಮೊಣಕಾಲಿನ ತೊಂದರೆ, ಅವರು ಸೀಟು ಮತ್ತು ಫುಟ್‌ರೆಸ್ಟ್ ಕಡೆ ಗಮನ ಕೊಡಬೇಕು. ಉದ್ದ ಬೆನ್ನಿನವರಿಗೆ ಹ್ಯಾಂಡಲ್ ತಗ್ಗಾಗುತ್ತದೆ, ಗಾಳಿ ನೇರ ಎದೆಗೆ ಮತ್ತು ಹೆಲ್ಮೆಟ್ಟಿಗೆ ಬಡಿಯುತ್ತದೆ. ತಾನು ಯಾವ ಥರದವನು ಅಂತ ಗೊತ್ತಿಲ್ಲದೆ ಖರ್ಚು ಮಾಡಿದರೆ ದುಡ್ಡು ಸುಮ್ನೆ ಹೋಗುತ್ತದೆ.

ಶೋರೂಮಿನಲ್ಲಿ ಏನು ನೋಡಬೇಕು

ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಿ. ಗಾಡಿ ನೆಟ್ಟಗೆ ನಿಲ್ಲುವಂತೆ ಯಾರಾದರೂ ಹಿಂದಿನಿಂದ ಹಿಡಿದುಕೊಳ್ಳಲಿ. ನೀವು ಎರಡೂ ಕಾಲು ಫುಟ್‌ರೆಸ್ಟ್ ಮೇಲಿಟ್ಟು, ಓಡಿಸುವಾಗ ಕೂಡುವ ಹಾಗೇ ಕೂತುಕೊಳ್ಳಿ. ಗೆಳೆಯ ಹತ್ತು ಹನ್ನೆರಡು ಅಡಿ ದೂರ ಹೋಗಿ, ಫೋನನ್ನು ಸೀಟಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಫೋಟೋ ತೆಗೆಯಲಿ. ಮನೆಗೆ ಬಂದು ಆ ಫೋಟೋದಲ್ಲಿ ಸೊಂಟದ ಕೀಲಿನಿಂದ ಮೊಣಕಾಲಿಗೆ ಒಂದು ಗೆರೆ, ಮೊಣಕಾಲಿನಿಂದ ಹಿಮ್ಮಡಿಯ ಗಂಟಿಗೆ ಇನ್ನೊಂದು ಗೆರೆ ಎಳೆಯಿರಿ. ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ಮೊಣಕಾಲಿನ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ದೂರದ ಓಟಕ್ಕೆ ಆ ಗಾಡಿ ಬೇಡ. 100 ದಾಟಿದರೆ ಒಳ್ಳೆಯದು. ನಡುವೆ ಇದ್ದರೆ ಸೀಟಿನ ಕೆಲಸದಿಂದ ಸರಿಹೋಗುತ್ತದೆ.

ಟೇಪನ್ನೂ ಜೊತೆಗೆ ಒಯ್ಯಿರಿ. ಸೀಟಿನಲ್ಲಿ ನೀವು ಕೂಡುವ ತಗ್ಗಿನಿಂದ ಫುಟ್‌ರೆಸ್ಟಿನ ಮೇಲ್ಭಾಗದವರೆಗೆ ಅಳೆದು ಬರೆದುಕೊಳ್ಳಿ. ನೋಡಿದ ಪ್ರತಿ ಗಾಡಿಯಲ್ಲೂ ಇದನ್ನೇ ಮಾಡಿ. ಹೋಲಿಸಿ ನೋಡಲು ಇದಕ್ಕಿಂತ ನಂಬಿಕೆಯ ಲೆಕ್ಕ ಇನ್ನೊಂದಿಲ್ಲ.

ಆಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಹಿಡಿಕೆ ಮೊಣಕಾಲಿಗೆ ಅಥವಾ ತೊಡೆಗೆ ತಾಗುತ್ತದೆಯೇ? ತಾಗಿದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಬೀದಿಯಂಥ ಇಕ್ಕಟ್ಟಿನಲ್ಲಿ ಯೂ ಟರ್ನ್ ತೆಗೆದುಕೊಳ್ಳುವಾಗ ಹ್ಯಾಂಡಲ್ ಸಿಕ್ಕಿಬೀಳುತ್ತದೆ. ಇದು ತೊಂದರೆ ಮಾತ್ರವಲ್ಲ, ಅಪಾಯ. ಸ್ಕೂಟರ್‌ಗಳಲ್ಲಿ ಇದು ಜಾಸ್ತಿ. ಮುಂದಿನ ಲೆಗ್ ಗಾರ್ಡಿಗೆ ಮೊಣಕಾಲಿನ ಕೆಳಗಿನ ಎಲುಬು ಬಡಿಯುತ್ತದೆಯೇ ನೋಡಿ. ಟ್ಯಾಂಕಿನ ಪಕ್ಕದ ಪ್ಲಾಸ್ಟಿಕ್ ಎಲ್ಲಿ ಮುಗಿಯುತ್ತದೆ, ನಿಮ್ಮ ಮೊಣಕಾಲು ಎಲ್ಲಿ ಬರುತ್ತದೆ ನೋಡಿ. ಎತ್ತರದವರ ಮೊಣಕಾಲು ಟ್ಯಾಂಕಿನ ತಗ್ಗಿಗೆ ಸರಿಯಾಗಿ ಕೂಡದೆ ಅದರ ಮೇಲಿನ ಅಂಚಿಗೆ ಒತ್ತುತ್ತದೆ. ನಿಂತ ಗಾಡಿಯಲ್ಲಿ ಇದು ಗೊತ್ತಾಗುವುದಿಲ್ಲ, ಹಂಪ್ಸ್ ಮೇಲೆ ಗೊತ್ತಾಗುತ್ತದೆ.

ಅದಕ್ಕೇ ಶೋರೂಮಿನ ಸುತ್ತ ಐದು ನಿಮಿಷ ಓಡಿಸಿ ತೀರ್ಮಾನ ಮಾಡಬೇಡಿ. ಕನಿಷ್ಠ ಅರ್ಧ ಗಂಟೆ ಕೇಳಿ. ರಿಂಗ್ ರೋಡಿನ ಮೇಲೆ ಸ್ವಲ್ಪ ವೇಗ, ಊರೊಳಗಿನ ಗದ್ದಲ, ತಗ್ಗು ಬಿದ್ದ ಒಂದು ರಸ್ತೆ, ಮೂರೂ ಇರಲಿ. ಕೊಡಲು ಒಪ್ಪದಿದ್ದರೆ ಅದೇ ಗಾಡಿ ಇರುವ ಪರಿಚಯದವರನ್ನು ಹುಡುಕಿ ಕೇಳುವುದು ಮೇಲು.

ಯಾವ ಗಾಡಿ

ಈಗ ಅಂಕಿಗಳಿಗೆ ಬರೋಣ. ಸ್ಪ್ಲೆಂಡರ್ ಪ್ಲಸ್ ಸೀಟಿನ ಎತ್ತರ 785 ಮಿ.ಮೀ. ಈಗಿನ ಬುಲೆಟ್ 350 ಮತ್ತು ಕ್ಲಾಸಿಕ್ 350 ಎರಡರದೂ 805. ಅಂದರೆ ಸ್ಪ್ಲೆಂಡರಿಗೂ ಬುಲೆಟ್ಟಿಗೂ ಇರುವ ವ್ಯತ್ಯಾಸ 20 ಮಿಲಿಮೀಟರ್, ಒಂದಿಂಚೂ ಇಲ್ಲ. ಬುಲೆಟ್ ಅಗಲ, ತೂಕ, ಶಬ್ದ ಎಲ್ಲದರಲ್ಲೂ ದೊಡ್ಡದು. ಕಾಲಿಗೆ ಕೊಡುವ ಜಾಗದಲ್ಲಿ ನೋಟಕ್ಕೆ ಕಂಡಷ್ಟು ದೊಡ್ಡದಲ್ಲ. ಆರಡಿ ಒಂದಿಂಚು, ಎರಡಿಂಚಿನವರೆಗೆ ಅದು ಆರಾಮಾಗಿ ಹೊಂದುತ್ತದೆ. ಅದರಾಚೆ ಇರುವವರು ಸೀಟು ಮಾಡಿಸಿಕೊಳ್ಳಲೇಬೇಕು.

ಯಮಹಾ ಆರ್15ರ ಸೀಟು 815 ಮಿ.ಮೀ., ಬುಲೆಟ್‌ಗಿಂತ ಎತ್ತರ. ಆದರೂ ಅದರ ಮೇಲೆ ಕೂತ ಎತ್ತರದವರ ಮೊಣಕಾಲು ಬುಲೆಟ್‌ಗಿಂತ ಜಾಸ್ತಿ ಮಡಚುತ್ತದೆ. ಕಾರಣ, ರೇಸಿನ ಥರದ ಗಾಡಿಗಳಲ್ಲಿ ಫುಟ್‌ರೆಸ್ಟ್ ಮೇಲೆ ಮತ್ತು ಹಿಂದೆ ಇರುತ್ತದೆ. ಸೀಟಿನ ಎತ್ತರದ ಅಂಕಿ ಒಂದನ್ನೇ ನೋಡಿ ಆರಿಸುವವರು ಮೋಸಹೋಗುವುದು ಇಲ್ಲೇ. ನಮ್ಮ ಅಳತೆಯವರಿಗೆ ಆ ಜಾತಿಯ ಗಾಡಿಗಳನ್ನು ನಾನು ಹೇಳುವುದಿಲ್ಲ.

ಕ್ರೂಸರ್ ಗಾಡಿಗಳ ಮಾತು ಬೇರೆ. ಮೀಟಿಯರ್ 350 ಸೀಟು 765, ಅವೆಂಜರ್ 220 ಸೀಟು 737. ಕಾಲು ಮುಂದಕ್ಕೆ ಚಾಚುತ್ತದೆ, ಮೊಣಕಾಲಿಗೆ ಹಾಯ್ ಅನಿಸುತ್ತದೆ. ಆದರೆ ತಗ್ಗು ಸೀಟಿನಲ್ಲಿ ಉದ್ದ ಕಾಲಿನವರ ಮೊಣಕಾಲು ಸೊಂಟಕ್ಕಿಂತ ಮೇಲೆ ಬರುತ್ತದೆ, ಮೈಯ ಭಾರವೆಲ್ಲ ಬೆನ್ನೆಲುಬಿನ ತುದಿಗೆ ಬೀಳುತ್ತದೆ. ಹಂಪ್ಸ್ ಬಂದಾಗ ಕಾಲೂರಿ ಸ್ವಲ್ಪ ಎದ್ದುಕೊಳ್ಳಲು ಆಗುವುದಿಲ್ಲ. ಹೈದರಾಬಾದ್ ಕಡೆಯ ಹೆದ್ದಾರಿಯಲ್ಲಿ ಚೆನ್ನ. ನಮ್ಮ ಹಳ್ಳಿ ರಸ್ತೆಗೆ ಬೇಡ.

ಎತ್ತರದವರಿಗೆ ನಿಜವಾಗಿ ಹೊಂದುವುದು ಅಡ್ವೆಂಚರ್ ಜಾತಿಯ ಗಾಡಿಗಳು. ಹೀರೋ ಎಕ್ಸ್‌ಪಲ್ಸ್ 200 4ವಿ ಸೀಟು 825 ಮಿ.ಮೀ. ಅದರದೇ ಪ್ರೋ ಮಾದರಿಯಲ್ಲಿ 891. ಸುಜುಕಿ ವಿ-ಸ್ಟ್ರೋಮ್ ಎಸ್‌ಎಕ್ಸ್ 835. ಟ್ರಯಂಫ್ ಸ್ಕ್ರ್ಯಾಂಬ್ಲರ್ 400 ಎಕ್ಸ್ ಕೂಡ 835. 2023ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450ರಲ್ಲಿ ಸೀಟನ್ನು 825 ಮತ್ತು 845ಕ್ಕೆ ನಾವೇ ಬದಲಿಸಿಕೊಳ್ಳಬಹುದು. ಹಳೆಯ ಹಿಮಾಲಯನ್ 411ರದು 800 ಮಾತ್ರ. 2020ರಲ್ಲಿ ಬಂದ ಕೆಟಿಎಂ 390 ಅಡ್ವೆಂಚರ್ 855 ಇತ್ತು, ಈಗ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ಇವುಗಳಲ್ಲಿ ಹ್ಯಾಂಡಲ್ ಅಗಲ ಮತ್ತು ಎತ್ತರ, ಫುಟ್‌ರೆಸ್ಟ್ ಮೈಯ ಕೆಳಗೇ ಇರುತ್ತದೆ. ನಿಂತು ಓಡಿಸಲೂ ಬರುತ್ತದೆ.

ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಜಿಲ್ಲೆಗಳಿಗೆ ಇನ್ನೊಂದು ಕಾರಣಕ್ಕೂ ಇವು ಸರಿ. ಇಲ್ಲಿ ಎರೆ ಮಣ್ಣು. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗುತ್ತದೆ. ಹೊಲದ ದಾರಿಯಲ್ಲಿ ಹಸಿ ಎರೆ ಮಣ್ಣು ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ತುಂಬಿ ಚಕ್ರ ತಿರುಗದ ಹಾಗೆ ಮಾಡುವುದು ಇಲ್ಲಿಯವರಿಗೆಲ್ಲ ಗೊತ್ತು. ಮಡ್‌ಗಾರ್ಡ್ ಮೇಲಿರುವ ಗಾಡಿಯಲ್ಲಿ ಆ ಕಾಟ ಕಡಿಮೆ. ಹಳ್ಳಿಗೆ ದಿನಾ ಓಡಾಡುವ ಎತ್ತರದವರು ಒಂದೇ ಗಾಡಿ ಇಟ್ಟುಕೊಳ್ಳುವುದಾದರೆ ಎಕ್ಸ್‌ಪಲ್ಸ್ ಮೊದಲು ನೋಡಿ ಅನ್ನುತ್ತೇನೆ. ಕಡಿಮೆ ತೂಕ, ಕೆಸರಿನಲ್ಲಿ ಜಾರಿದರೂ ಒಬ್ಬರೇ ಎತ್ತಬಹುದು. ಹೆಂಡತಿ ಮಕ್ಕಳ ಜೊತೆ ಹೆದ್ದಾರಿಯಲ್ಲಿ ಜಾಸ್ತಿ ಹೋಗುವವರಿಗೆ ವಿ-ಸ್ಟ್ರೋಮ್ ಅಥವಾ ಹಿಮಾಲಯನ್ 450. ಆದರೆ ಹಿಂದೆ ಕೂಡುವವರಿಗೆ ಹತ್ತಲು ಎತ್ತರವಾಗುತ್ತದೆ. ಸೀರೆ ಉಟ್ಟವರು, ಮೊಣಕಾಲು ನೋವಿನ ಅವ್ವ ಹತ್ತಬೇಕು ಅಂದರೆ ಕೊಳ್ಳುವ ಮೊದಲೇ ಅವರನ್ನೂ ಕರೆದುಕೊಂಡು ಹೋಗಿ ಕೂಡಿಸಿ ನೋಡಿ.

ಇರುವ ಗಾಡಿಯಲ್ಲಿ ದುಡ್ಡಿಲ್ಲದೆ ಆಗುವ ಕೆಲಸ

ಹೊಸದು ಕೊಳ್ಳಲಿ, ಹಳೆಯದನ್ನೇ ಇಟ್ಟುಕೊಳ್ಳಲಿ, ಶುರು ಮಾಡಬೇಕಾದ್ದು ಇಲ್ಲಿಂದ. ಒಂದು ಬದಲಿಸಿದರೆ ಇನ್ನೊಂದು ಬದಲಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಿಸಿ, ಒಂದು ವಾರ ಓಡಿಸಿ, ಆಮೇಲೆ ಮುಂದಿನದು. ನನ್ನ ಕ್ರಮ ಇಷ್ಟು: ಮೊದಲು ಲಿವರ್ ಮತ್ತು ಶಾಕ್ ಅಬ್ಸಾರ್ಬರ್, ಆಮೇಲೆ ಸೀಟು, ಆಮೇಲೆ ಹ್ಯಾಂಡಲ್, ಕಟ್ಟಕಡೆಗೆ ಫುಟ್‌ರೆಸ್ಟ್.

ಎತ್ತರದವರ ಪಾದವೂ ದೊಡ್ಡದು, ಅಲ್ವಾ? ಹನ್ನೊಂದು ಹನ್ನೆರಡನೇ ನಂಬರ್ ಬೂಟಿಗೆ ಗೇರ್ ಲಿವರ್ ಮತ್ತು ಫುಟ್‌ರೆಸ್ಟ್ ನಡುವಿನ ಜಾಗ ಸಾಲುವುದಿಲ್ಲ. ಪ್ರತಿ ಗೇರಿಗೂ ಇಡೀ ಕಾಲನ್ನು ಎತ್ತಿ ಹಾಕಬೇಕಾಗುತ್ತದೆ, ಅದರಿಂದಲೇ ಎಡ ಮೊಣಕಾಲು ನೋಯುತ್ತದೆ. ಲಿವರ್ ಹಲ್ಲಿನ ಶಾಫ್ಟ್ ಮೇಲೆ ಕೂತಿರುತ್ತದೆ. ಬೋಲ್ಟ್ ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂಡಿಸಿದರೆ ಪಾದದ ತುದಿ ಸಲೀಸಾಗಿ ಕೆಳಗೆ ಹೋಗುತ್ತದೆ. ಲಿಂಕ್ ರಾಡ್ ಇರುವ ಗಾಡಿಯಲ್ಲಿ ಅದರ ನಟ್ ತಿರುಗಿಸಿದರೆ ಇನ್ನೂ ಸೂಕ್ಷ್ಮವಾಗಿ ಸರಿಮಾಡಬಹುದು. ಹಿಂದಿನ ಬ್ರೇಕ್ ಪೆಡಲನ್ನೂ ಹಾಗೇ ಹೊಂದಿಸಿ. ಹೊಂದಿಸಿದ ಮೇಲೆ ಬ್ರೇಕ್ ಲೈಟ್ ಸರಿಯಾದ ಹೊತ್ತಿಗೆ ಹತ್ತುತ್ತದೆಯೇ, ಪೆಡಲ್ ಬಿಟ್ಟಾಗ ಚಕ್ರ ಬಿಡುವಾಗಿ ತಿರುಗುತ್ತದೆಯೇ ನೋಡಲೇಬೇಕು. ಕ್ಲಚ್ ಮತ್ತು ಮುಂದಿನ ಬ್ರೇಕ್ ಲಿವರ್‌ಗಳನ್ನು ನಿಮ್ಮ ಮುಂಗೈಯ ನೇರಕ್ಕೆ ಬರುವಂತೆ ತಿರುಗಿಸಿ. ಎತ್ತರದವರ ತೋಳು ಮೇಲಿನಿಂದ ಕೆಳಗೆ ಇಳಿಯುತ್ತದೆ. ಲಿವರ್ ಮೇಲೆದ್ದಿದ್ದರೆ ಮಣಿಕಟ್ಟು ಮಡಚಿ ಬೆರಳು ಜೋಮು ಹಿಡಿಯುತ್ತದೆ.

ಶಾಕ್ ಅಬ್ಸಾರ್ಬರ್ ಮಾತು. ಎತ್ತರದವರ ತೂಕವೂ ಸಾಮಾನ್ಯವಾಗಿ ಜಾಸ್ತಿ. ತೊಂಬತ್ತು ಕೆಜಿ ದಾಟಿದವರು ಕೂತರೆ ಗಾಡಿಯ ಹಿಂಭಾಗ ಕುಸಿಯುತ್ತದೆ. ಸ್ಪ್ರಿಂಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿರುವ ರಿಂಗನ್ನು ಸ್ಪ್ಯಾನರಿನಿಂದ ಗಟ್ಟಿ ಕಡೆಗೆ ಒಂದೊಂದೇ ಮೆಟ್ಟಿಲು ತಿರುಗಿಸಿ. ನೀವು ಕೂತಾಗ ಆಗುವ ಕುಸಿತ, ಸ್ಪ್ರಿಂಗ್ ಒಟ್ಟು ಇಳಿಯಬಹುದಾದ ಅಳತೆಯ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇರಬಾರದು. ಎರಡು ಶಾಕ್ ಇದ್ದರೆ ಎರಡೂ ಒಂದೇ ಮೆಟ್ಟಿಲಿನಲ್ಲಿರಲಿ. ಇದಾದ ಮೇಲೆ ರಾತ್ರಿ ಗೋಡೆಯ ಎದುರು ನಿಲ್ಲಿಸಿ ಹೆಡ್‌ಲೈಟ್ ನೋಡಿ, ಹಿಂಭಾಗ ಎದ್ದರೆ ಬೆಳಕು ಹತ್ತಿರಕ್ಕೇ ಬೀಳುತ್ತದೆ. ಟೈರಿನ ಗಾಳಿಯನ್ನು ಗಾಡಿಯ ಮೇಲಿನ ಸ್ಟಿಕ್ಕರಿನಲ್ಲಿ ಬರೆದಷ್ಟೇ ಹಾಕಿಸಿ.

ಸೀಟು: ಎಲ್ಲಕ್ಕಿಂತ ಮುಖ್ಯ ಕೆಲಸ

ನನ್ನನ್ನು ಕೇಳಿದರೆ, ಎತ್ತರದವರು ದುಡ್ಡು ಹಾಕಬೇಕಾದ ಮೊದಲ ಜಾಗ ಇದು. ಹೊಸ ಗಾಡಿಯ ಬೆಲೆಯ ಎದುರು ಸೀಟಿನ ಖರ್ಚು ತೀರಾ ಸಣ್ಣದು. ಒಳ್ಳೆಯ ಕೈಯ ಸೀಟ್ ಕವರ್ ಮಿಸ್ತ್ರಿ ಸಿಕ್ಕರೆ ಸಾಕು. ನಮ್ಮ ಮೂರೂ ಜಿಲ್ಲೆಗಳ ಊರುಗಳಲ್ಲಿ ಅಂಥವರಿದ್ದಾರೆ. ಆದರೆ ನೀವು ಏನು ಬೇಕು ಅಂತ ಸ್ಪಷ್ಟವಾಗಿ ಹೇಳದಿದ್ದರೆ ಅವರು ‘ಆಗ್ತದ್ರಿ ಅಣ್ಣಾ’ ಅಂದು ಮೆತ್ತನೆಯ ಸ್ಪಂಜು ತುಂಬಿ ಹೊಸ ರೆಕ್ಸಿನ್ ಹೊದಿಸಿ ಕೊಡುತ್ತಾರೆ. ಸಾಮಾನ್ಯ ಗಿರಾಕಿ ಕೇಳುವುದು ಅದನ್ನೇ. ಅಂಗಡಿಯಲ್ಲಿ ಕೂತಾಗ ಹಿತ ಅನಿಸುತ್ತದೆ. ಅರ್ಧ ಗಂಟೆ ಓಡಿಸಿದ ಮೇಲೆ ಸ್ಪಂಜು ಚಪ್ಪಟೆಯಾಗಿ ಕೆಳಗಿನ ತಗಡು ತಾಗುತ್ತದೆ.

ಹೇಳಬೇಕಾದ್ದು ಹೀಗೆ. ಕೆಳಗಿನ ಪದರಕ್ಕೆ ಗಟ್ಟಿ ರೀಬಾಂಡೆಡ್ ಫೋಮ್, ಅಂದರೆ ಫೋಮಿನ ಚೂರುಗಳನ್ನು ಒತ್ತಿ ಮಾಡಿದ್ದು. ಅದರ ಮೇಲೆ 40 ಡೆನ್ಸಿಟಿ ಅಥವಾ ಹೆಚ್ಚಿನ ಫೋಮ್ (ಈ ಅಂಕಿ ಜಾಸ್ತಿಯಾದಷ್ಟೂ ಫೋಮ್ ದಟ್ಟ). ಎಲ್ಲಕ್ಕಿಂತ ಮೇಲೆ ಅರ್ಧ ಇಂಚು ಮೆದು ಪದರ. ಮೂಲ ಸೀಟಿನ ತಗಡನ್ನು, ಲಾಕನ್ನು, ಕೆಳಗಿನ ರಬ್ಬರ್ ಬುಷ್‌ಗಳನ್ನು ಮುಟ್ಟಬಾರದು. ಸಾಧ್ಯವಾದರೆ ಹಳೆಯ ಸೀಟನ್ನು ಹಾಗೇ ಇಟ್ಟು, ಇನ್ನೊಂದು ಹಳೆ ಸೀಟು ಹುಡುಕಿ ಅದರ ಮೇಲೆ ಕೆಲಸ ಮಾಡಿಸಿ.

ಎಷ್ಟು ಎತ್ತರಿಸಬೇಕು? ಉದ್ದ ಕಾಲಿನವರಿಗೆ ಸೀಟು ಒಂದಿಂಚು ಮೇಲೆ ಬಂದರೆ ಮೊಣಕಾಲಿನ ಕೋನ ಸುಮಾರು ಮೂರು ನಾಲ್ಕು ಡಿಗ್ರಿ ತೆರೆಯುತ್ತದೆ. ಫೋಟೋದಲ್ಲಿ 92 ಡಿಗ್ರಿ ಬಂದಿದ್ದರೆ ಎರಡಿಂಚು ಎತ್ತರಿಸಿದಾಗ ನೂರರ ಹತ್ತಿರ ಬರುತ್ತದೆ. ಎರಡಿಂಚಿಗಿಂತ ಮೇಲೆ ಹೋಗಬೇಡಿ. ಭಾರ ಮೇಲೇರಿದಷ್ಟೂ ನಿಧಾನ ಓಟದಲ್ಲಿ ಗಾಡಿ ಓಲಾಡುತ್ತದೆ, ಹ್ಯಾಂಡಲ್ ತೀರಾ ತಗ್ಗಾಗುತ್ತದೆ.

ಎತ್ತರಕ್ಕಿಂತಲೂ ಹೆಚ್ಚು ಲಾಭ ಕೊಡುವುದು ಇನ್ನೊಂದಿದೆ, ಅದನ್ನು ಬಹಳ ಜನ ಗಮನಿಸುವುದಿಲ್ಲ. ಮುಂದಿನ ಸೀಟಿಗೂ ಹಿಂದಿನ ಸೀಟಿಗೂ ನಡುವೆ ಒಂದು ಮೆಟ್ಟಿಲು ಇರುತ್ತದಲ್ಲ, ಅದು ನಿಮ್ಮನ್ನು ಮುಂದಕ್ಕೆ ತಳ್ಳಿ ಒಂದೇ ಕಡೆ ಕಟ್ಟಿಹಾಕುತ್ತದೆ. ಅದನ್ನು ಎರಡು ಮೂರು ಇಂಚು ಹಿಂದಕ್ಕೆ ಸರಿಸಿ, ಇಲ್ಲವೇ ಸೀಟನ್ನು ಪೂರ್ತಿ ಸಮ ಮಾಡಿಸಿ. ಆಗ ತೊಡೆಗೆ ಜಾಗ ಸಿಗುತ್ತದೆ, ಮೊಣಕಾಲು ಹ್ಯಾಂಡಲಿನಿಂದ ದೂರವಾಗುತ್ತದೆ, ದೂರದ ಓಟದಲ್ಲಿ ಹಿಂದೆ ಮುಂದೆ ಸರಿದು ಕೂಡಬಹುದು. ಸ್ಪ್ಲೆಂಡರಿನಂಥ ಗಾಡಿಗಳ ಸೀಟು ಮೊದಲೇ ಉದ್ದ ಮತ್ತು ಸಮ. ಅದಕ್ಕೇ ಎಷ್ಟೋ ಎತ್ತರದವರು ಅದರ ಮೇಲೆ ಇಷ್ಟು ವರ್ಷ ಹೇಗೋ ಹೊಂದಿಕೊಂಡಿದ್ದಾರೆ.

ಆಕಾರದ ಬಗ್ಗೆ: ಮುಂಭಾಗ ಕಿರಿದಾಗಿರಲಿ, ಕೂಡುವ ಎಲುಬು ಬರುವ ಜಾಗ ಅಗಲವಾಗಿರಲಿ. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಬಾರದು. ಇಳಿಜಾರಾದರೆ ಬ್ರೇಕ್ ಹಾಕಿದಾಗೆಲ್ಲ ಜಾರಿ ಮುಂದೆ ಬರುತ್ತೀರಿ, ಮಾಡಿಸಿದ ಎತ್ತರ ವ್ಯರ್ಥ. ರಸಮಟ್ಟ ಇಟ್ಟು ನೋಡಿಸಿ. ಹೊಲಿಗೆಯಿಂದ ಮಳೆ ನೀರು ಇಳಿಯುತ್ತದೆ. ಆದ್ದರಿಂದ ಕವರಿನ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಲು ಹೇಳಿ. ಅಂಟು ಪೂರ್ತಿ ಒಣಗಲು ಒಂದು ರಾತ್ರಿ ಬಿಡಿ.

ಬಣ್ಣದ ವಿಷಯ ಸಣ್ಣದು ಅನಿಸಬಹುದು. ಮೇ ತಿಂಗಳಲ್ಲಿ ಕಲಬುರಗಿಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ರೆಕ್ಸಿನ್ ಮೇಲೆ ಕೂಡಲು ಬರುವುದಿಲ್ಲ. ಕಂದು ಅಥವಾ ಬೂದು ಬಣ್ಣ, ಒರಟು ಮೈಯ ರೆಕ್ಸಿನ್ ಆರಿಸಿ. ಜೆಲ್ ತುಂಬಿದ ಪ್ಯಾಡುಗಳು ಶಾಖ ಹಿಡಿದಿಟ್ಟುಕೊಳ್ಳುತ್ತವೆ, ನಮ್ಮ ಬೇಸಿಗೆಗೆ ಅವು ಬೇಡ. ಗಾಳಿಯಾಡುವ ಜಾಳಿಗೆಯ ಕವರ್ ಮೇಲೆ ಹೊದಿಸಿಕೊಂಡರೆ ಬೆವರು ಕಡಿಮೆ.

ಹ್ಯಾಂಡಲ್

ಸೀಟು ಎತ್ತರಿಸಿದ ಮೇಲೆ ಹ್ಯಾಂಡಲ್ ತಗ್ಗಾದಂತೆ ಅನಿಸುವುದು ಸಹಜ. ಒಂದು ವಾರ ಓಡಿಸಿ ನೋಡಿ. ಭುಜದ ನಡುವೆ ಉರಿ, ಅಂಗೈಯಲ್ಲಿ ಭಾರ ಬಂದರೆ ರೈಸರ್ ಹಾಕಿಸಿ. ಇವು ಹ್ಯಾಂಡಲ್ ಕ್ಲ್ಯಾಂಪಿನ ಕೆಳಗೆ ಕೂಡುವ ಅಲ್ಯುಮಿನಿಯಂ ತುಂಡುಗಳು. 20ರಿಂದ 30 ಮಿ.ಮೀ. ಎತ್ತರದವು ಸಾಕು. ಕೊಳ್ಳುವ ಮೊದಲು ನಿಮ್ಮ ಹ್ಯಾಂಡಲ್ ಪೈಪಿನ ದಪ್ಪ ನೋಡಿ. ಸಾಮಾನ್ಯ ಗಾಡಿಗಳಲ್ಲಿ ಕ್ಲ್ಯಾಂಪ್ ಹತ್ತಿರ 22 ಮಿ.ಮೀ., ಕೆಲವು ದೊಡ್ಡ ಗಾಡಿಗಳಲ್ಲಿ 28. ತಪ್ಪು ಅಳತೆಯದನ್ನು ತಗಡು ಸುತ್ತಿ ಕೂಡಿಸುವ ಕೆಲಸಕ್ಕೆ ಒಪ್ಪಬೇಡಿ. ಹ್ಯಾಂಡಲ್ ಪೈಪನ್ನು ಕತ್ತರಿಸಿ ವೆಲ್ಡಿಂಗ್ ಮಾಡಿ ಉದ್ದ ಮಾಡಿಸುವುದಂತೂ ಬೇಡವೇ ಬೇಡ. ಆ ಬೆಸುಗೆ ಬಿಟ್ಟರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಕಿಸಿದ ಮೇಲೆ ಗಾಡಿ ಸ್ಟಾರ್ಟ್ ಮಾಡಿ, ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಇಂಜಿನ್ ಶಬ್ದ ಏರಿದರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ. ಹಾಗೇ ಓಡಿಸಬೇಡಿ. ಕ್ಲಚ್ ಕೇಬಲ್, ಬ್ರೇಕ್ ಪೈಪ್, ಸ್ವಿಚ್ಚಿನ ವೈರು ಯಾವುದೂ ಜಗ್ಗಬಾರದು. ಜಗ್ಗಿದರೆ ರೈಸರಿನ ಎತ್ತರ ಕಡಿಮೆ ಮಾಡಿ, ಇಲ್ಲವೇ ಉದ್ದದ ಕೇಬಲ್ ಹಾಕಿಸಿ.

ಫುಟ್‌ರೆಸ್ಟ್

ಇದನ್ನು ಕೊನೆಗೆ ಇಟ್ಟದ್ದಕ್ಕೆ ಕಾರಣವಿದೆ. ಫುಟ್‌ರೆಸ್ಟ್ ಕೆಳಗಿಳಿಸಿದರೆ ತಿರುವಿನಲ್ಲಿ ಗಾಡಿ ವಾಲಿದಾಗ ಅದು ನೆಲಕ್ಕೆ ಬೇಗ ಉಜ್ಜುತ್ತದೆ. ಹೊಲದ ದಾರಿಯಲ್ಲಿ ಕಲ್ಲಿಗೆ ಬಡಿಯುತ್ತದೆ. ಗೇರ್ ಮತ್ತು ಬ್ರೇಕ್ ಲಿವರ್ ಎರಡನ್ನೂ ಮತ್ತೆ ಹೊಂದಿಸಬೇಕಾಗುತ್ತದೆ. ಸೀಟು, ಹ್ಯಾಂಡಲ್ ಎರಡೂ ಮಾಡಿಸಿದ ಮೇಲೂ ಮೊಣಕಾಲು ನೋಯುತ್ತಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ನಿಮ್ಮ ಮಾದರಿಗೇ ಮಾಡಿದ, ಬೋಲ್ಟಿನಿಂದ ಕೂಡುವ ಬ್ರಾಕೆಟ್ ಸಿಕ್ಕರೆ 20, 25 ಮಿ.ಮೀ. ಇಳಿಸಬಹುದು. ಫ್ರೇಮಿಗೆ ವೆಲ್ಡಿಂಗ್ ಮಾಡಿಸಬೇಡಿ. ಕೆಲವು ಗಾಡಿಗಳಲ್ಲಿ ಫುಟ್‌ರೆಸ್ಟ್ ಮೇಲಿನ ದಪ್ಪ ರಬ್ಬರ್ ಬಿಚ್ಚಲು ಬರುತ್ತದೆ. ಬಿಚ್ಚಿದರೆ ಕಾಲು ಸ್ವಲ್ಪ ಇಳಿಯುತ್ತದೆ, ಇಂಜಿನ್ನಿನ ಅದುರು ಮಾತ್ರ ಜಾಸ್ತಿ ತಿಳಿಯುತ್ತದೆ.

ಲೆಗ್ ಗಾರ್ಡಿಗೆ ಮುಂದಿನ ಪೆಗ್ (ಕಾಲಿಡುವ ಕಡ್ಡಿ) ಹಾಕಿಸಿಕೊಂಡು ಕಾಲು ಚಾಚುವವರಿದ್ದಾರೆ. ಖಾಲಿ ಹೆದ್ದಾರಿಯಲ್ಲಿ ಐದು ನಿಮಿಷಕ್ಕೆ ಸರಿ. ಆದರೆ ಆಗ ಬಲಗಾಲು ಬ್ರೇಕಿನಿಂದ ದೂರ ಇರುತ್ತದೆ. ಎಮ್ಮೆ, ಟಂಟಂ, ಎದುರಿನಿಂದ ಬರುವ ಟ್ರ್ಯಾಕ್ಟರ್ ಇರುವ ನಮ್ಮ ರಸ್ತೆಯಲ್ಲಿ ನಾನು ಅದನ್ನು ಒಪ್ಪುವುದಿಲ್ಲ.

ಗಾಳಿ, ಕನ್ನಡಿ

ಮುಂದೆ ಗ್ಲಾಸ್ ಇರುವ ಗಾಡಿಯಲ್ಲಿ ಎತ್ತರದವರ ಹೆಲ್ಮೆಟ್ ಗಡಗಡ ನಡುಗುತ್ತದೆ. ಗ್ಲಾಸಿನ ಅಂಚಿನಿಂದ ಮೇಲೆದ್ದ ಸುಳಿಗಾಳಿ ಸರಿಯಾಗಿ ತಲೆಗೇ ಬಂದು ಬಡಿಯುವುದರಿಂದ ಹೀಗಾಗುತ್ತದೆ. ಖಾಲಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುತ್ತಾ ತಲೆಯನ್ನು ಎರಡಿಂಚು ತಗ್ಗಿಸಿ ನೋಡಿ. ಶಬ್ದ ನಿಂತರೆ ಗ್ಲಾಸ್ ಎತ್ತರವಾಗಬೇಕು, ಮೇಲೆ ಕ್ಲಿಪ್ಪಿನಿಂದ ಕೂಡುವ ತುಂಡು ಸಿಗುತ್ತದೆ. ಬದಲಿಗೆ ಸ್ವಲ್ಪ ಎದ್ದಾಗ ಶಬ್ದ ನಿಂತರೆ ಗಿಡ್ಡ ಗ್ಲಾಸೇ ವಾಸಿ, ಗಾಳಿ ಎದೆಗೆ ಬಡಿದರೂ ತಲೆ ಆರಾಮಾಗಿರುತ್ತದೆ. ಕನ್ನಡಿಯಲ್ಲಿ ನಿಮ್ಮ ಮೊಣಕೈಯೇ ಕಾಣುತ್ತಿದ್ದರೆ ಉದ್ದ ಕಡ್ಡಿಯ ಕನ್ನಡಿ ಹಾಕಿಸಿ. ದೊಡ್ಡ ತಲೆಗೆ ಸಣ್ಣ ಹೆಲ್ಮೆಟ್ ತುರುಕಬೇಡಿ. ಐಎಸ್ಐ ಗುರುತಿನ ಹೆಲ್ಮೆಟ್‌ಗಳು ಎಕ್ಸ್‌ಎಲ್ ಅಳತೆಯಲ್ಲೂ ಸಿಗುತ್ತವೆ, ಅಂಗಡಿಯಲ್ಲಿ ಇಲ್ಲದಿದ್ದರೆ ತರಿಸಿಕೊಡಲು ಹೇಳಿ.

ಕಾನೂನು ಮತ್ತು ಕಾಗದ

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಸೆಕ್ಷನ್ 182ಎ ಪ್ರಕಾರ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದು. ಫ್ರೇಮ್ ಕತ್ತರಿಸುವುದು, ಹಿಂಭಾಗ ಉದ್ದ ಮಾಡಿಸುವುದು, ಇಬ್ಬರ ಸೀಟನ್ನು ಒಬ್ಬರದ್ದಾಗಿ ಮಾಡಿ ಆರ್‌ಸಿಯಲ್ಲಿ ಎರಡು ಅಂತಲೇ ಬಿಡುವುದು, ಇವಕ್ಕೆ ಕೈಹಾಕಬೇಡಿ. ಹಿಂದೆ ಕೂಡುವವರ ಹಿಡಿಕೆ, ಸೀರೆ ಗಾರ್ಡ್ ತೆಗೆಯಬೇಡಿ. ಬೋಲ್ಟ್ ಬಿಚ್ಚಿದರೆ ಗಾಡಿ ಮೊದಲಿನಂತಾಗಬೇಕು ಅನ್ನುವ ಮಿತಿಯಲ್ಲೇ ಇರಿ. ಕಂಪನಿಯೇ ಮಾರುವ ಎತ್ತರದ ಸೀಟು, ರೈಸರ್ ಸಿಗುವ ಮಾದರಿಯಾದರೆ ಅದನ್ನೇ ತೆಗೆದುಕೊಳ್ಳಿ, ವಾರಂಟಿ ವಿಷಯದಲ್ಲಿ ತಕರಾರು ಬರುವುದಿಲ್ಲ. ಹೊರಗಿನದು ಹಾಕಿಸಿದರೆ ಇನ್ಶೂರೆನ್ಸ್ ಕಂಪನಿಗೆ ಬರೆದು ತಿಳಿಸಿ.

ಎತ್ತರದ ಅಡ್ವೆಂಚರ್ ಗಾಡಿ ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕುವವರು ನಮ್ಮ ಕಡೆಯಿಂದ ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುತ್ತಾರೆ. ಅಲ್ಲಿ ಆಯ್ಕೆ ಜಾಸ್ತಿ. ಆದರೆ ಬೆಲೆ ಕೇಳಿ ಖುಷಿಪಡುವ ಮೊದಲು ಲೆಕ್ಕ ಪೂರ್ತಿ ಮಾಡಿ. ಬೇರೆ ರಾಜ್ಯದ ಗಾಡಿಗೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಇಲ್ಲಿಯ ನಂಬರಿಗೆ ಫಾರಂ 27. ಕರ್ನಾಟಕದ ರಸ್ತೆ ತೆರಿಗೆ ಬೇರೆ ಕಟ್ಟಬೇಕು. 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಳ್ಳುವ ಗಾಡಿಗೆ ಕರ್ನಾಟಕದ ಕೆಎ ನಂಬರ್ ಮಾಡಿಸಲೇಬೇಕು. ಸಾಲದಲ್ಲಿ ಕೊಂಡ ಗಾಡಿಯಾದರೆ ಬ್ಯಾಂಕಿನ ಹೆಸರು ಆರ್‌ಸಿಯಿಂದ ತೆಗೆಸಿದ್ದಾರೆಯೇ ನೋಡಿ. ಇದೆಲ್ಲ ಸೇರಿಸಿದ ಮೇಲೂ ಅಗ್ಗವಾದರೆ ಮಾತ್ರ ಟೇಪ್ ಹಿಡಿದುಕೊಂಡು ನೋಡಲು ಹೋಗಿ.

ಯಾವುದೇ ಕೆಲಸ ಮಾಡಿಸಿದ ಮೇಲೆ ಮೊದಲ ನೂರು ಕಿಲೋಮೀಟರಿಗೆ ಒಮ್ಮೆ ಹ್ಯಾಂಡಲ್ ಕ್ಲ್ಯಾಂಪ್, ಫುಟ್‌ರೆಸ್ಟ್, ಸೀಟಿನ ಬೋಲ್ಟ್‌ಗಳನ್ನು ಮತ್ತೆ ಬಿಗಿ ಮಾಡಿಸಿ. ಬಿಚ್ಚಿದ ಮೂಲ ಸೀಟು, ಕ್ಲ್ಯಾಂಪ್, ಬೋಲ್ಟ್‌ಗಳನ್ನು ಒಂದು ಚೀಲದಲ್ಲಿ ಹಾಕಿ ಹೆಸರು ಬರೆದು ಮನೆಯಲ್ಲಿಡಿ. ಗಾಡಿ ಮಾರುವಾಗ ಕೊಳ್ಳುವವರು ನಿಮ್ಮಷ್ಟು ಎತ್ತರ ಇರುವ ಸಾಧ್ಯತೆ ಕಡಿಮೆ, ಆಗ ಅವು ಬೇಕಾಗುತ್ತವೆ.